ಗೀಸರಿನೊಳಗಿನ ಒತ್ತಡ: ಹನಿಯುವ ವಾಲ್ವನ್ನು ಮುಚ್ಚಬೇಡಿ

ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ



ಚಳಿಗಾಲ ಬಂತೆಂದರೆ ದೆಹಲಿಯಲ್ಲಿರುವ ನಮ್ಮವರಿಗೆ ಗೀಸರ್ ಇಲ್ಲದೆ ಬೆಳಗಾಗುವುದಿಲ್ಲ. ಪುಣೆ, ಹೈದರಾಬಾದಿನವರಿಗೂ ಡಿಸೆಂಬರ್, ಜನವರಿಯಲ್ಲಿ ಅದು ಬೇಕೇ ಬೇಕು. ಮುಂಬಯಿ, ಚೆನ್ನೈಗಳಲ್ಲಿ ಚಳಿ ಹೆಸರಿಗೆ ಮಾತ್ರ ಎನ್ನುತ್ತೇವೆ. ಆದರೂ ಮನೆಯಲ್ಲಿ ಹಿರಿಯರೋ ಹಸುಗೂಸೋ ಇದ್ದರೆ ವರ್ಷವಿಡೀ ಬಿಸಿನೀರು ಬೇಕು. ಎಣ್ಣೆಸ್ನಾನದ ದಿನವಂತೂ ಕೇಳುವುದೇ ಬೇಡ. ಹೀಗೆ ದಿನವೂ ಬಳಸುವ ಈ ಸಾಧನದ ಬಗ್ಗೆ ನಮಗೆ ತಿಳಿದಿರುವುದು ಎಷ್ಟು? ಗೋಡೆಯ ಮೇಲಿನ ಸ್ವಿಚ್ಚು ಮತ್ತು ಕೆಂಪು ದೀಪ, ಅಷ್ಟೇ.

ಇಂದಿನ ಮಾತು ಆ ಗೀಸರಿನೊಳಗೆ ನಮಗೆ ಕಾಣದೆ ಇರುವ ಒಂದು ವಿಷಯದ ಬಗ್ಗೆ. ಅದೇ ಒತ್ತಡ, ಪ್ಲಂಬರ್‌ಗಳ ಬಾಯಲ್ಲಿ ಪ್ರೆಶರ್. ಬಿಸಿನೀರು ಸಣ್ಣಗೆ ಬರುವುದು, ಗೀಸರಿನ ಕೆಳಗಿನ ವಾಲ್ವಿನಿಂದ ನೀರು ಹನಿಯುವುದು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುವುದು, ಪೈಪುಗಳು ಢಬ್ ಢಬ್ ಎನ್ನುವುದು, ಇವೆಲ್ಲ ಒತ್ತಡಕ್ಕೆ ಸಂಬಂಧಪಟ್ಟ ದೂರುಗಳೇ. ಇವುಗಳಲ್ಲಿ ಹಲವು ಬರೀ ಕಿರಿಕಿರಿ. ಒಂದೆರಡು ಮಾತ್ರ ಪ್ರಾಣಕ್ಕೆ ಸಂಬಂಧಿಸಿದವು. ಯಾವುದು ಕಿರಿಕಿರಿ, ಯಾವುದು ಅಪಾಯ ಎಂದು ಗುರುತಿಸುವುದು ಹೇಗೆ ಎಂಬುದನ್ನು ತಿಳಿದುಕೊಂಡರೆ ಈ ಹದಿನೈದು ನಿಮಿಷ ಸಾರ್ಥಕ.

ಮೊದಲು ನಮ್ಮ ಊರಿನ ಬಚ್ಚಲುಮನೆಯ ಹಂಡೆಯನ್ನು ನೆನಪಿಸಿಕೊಳ್ಳಿ. ಕೆಳಗೆ ಸೌದೆ ಒಲೆ, ಮೇಲೆ ತಾಮ್ರದ ಹಂಡೆ. ನೀರು ಕಾದರೆ ಆವಿ ಮೇಲೆ ಹೋಗುತ್ತದೆ, ಇನ್ನೂ ಕಾದರೆ ಕೊತಕೊತ ಕುದಿಯುತ್ತದೆ. ಅದರ ಬಾಯಿ ತೆರೆದೇ ಇರುವುದರಿಂದ ಒಳಗೆ ಒತ್ತಡ ಕಟ್ಟುವ ಪ್ರಶ್ನೆಯೇ ಇಲ್ಲ. ಮಹಾರಾಷ್ಟ್ರದಲ್ಲಿ ಬಂಬ್ ಎಂದು ಕರೆಯುವ ತಾಮ್ರದ ಒಲೆಹಂಡೆಯದೂ ಅದೇ ಕಥೆ. ಗೀಸರ್ ಹಾಗಲ್ಲ. ಅದು ಎಲ್ಲ ಕಡೆಯಿಂದಲೂ ಮುಚ್ಚಿದ ಡಬ್ಬಿ. ಕೆಳಗಿನ ಒಂದು ಪೈಪಿನಿಂದ ತಣ್ಣೀರು ಒಳಗೆ ಬರುತ್ತದೆ, ಇನ್ನೊಂದು ಪೈಪಿನಿಂದ ಬಿಸಿನೀರು ಹೊರಗೆ ಹೋಗುತ್ತದೆ. ನಲ್ಲಿ ಮುಚ್ಚಿದ್ದರೆ ಅದೊಂದು ಪ್ರೆಶರ್ ಕುಕ್ಕರಿನಂತೆಯೇ. ಕುಕ್ಕರಿಗೆ ವೆಯ್ಟ್ ಮತ್ತು ಸೇಫ್ಟಿ ವಾಲ್ವ್ ಇರುವಂತೆ ಗೀಸರಿಗೂ ಅಂಥ ಕಾವಲುಗಾರರಿದ್ದಾರೆ. ಅವರ ಕೆಲಸವೇನೆಂದು ಆಮೇಲೆ ನೋಡೋಣ.

ಗೀಸರಿಗೆ ಒತ್ತಡ ಬರುವುದು ಎರಡು ಕಡೆಯಿಂದ. ಒಂದು, ಒಳಗೆ ಬರುವ ನೀರಿನಿಂದ. ಇನ್ನೊಂದು, ಕಾದ ನೀರು ಹಿಗ್ಗುವುದರಿಂದ.

ಒಳಗೆ ಬರುವ ನೀರಿನ ಲೆಕ್ಕ ಬಹಳ ಸುಲಭ. ನೀರಿನ ಟ್ಯಾಂಕು ನಿಮ್ಮ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 1 ಬಾರ್. ಪ್ಲಂಬರ್‌ಗಳು ಇದನ್ನೇ ಒಂದು ಕಿಲೋ ಪ್ರೆಶರ್ ಎನ್ನುತ್ತಾರೆ. ಒಂದು ಮಹಡಿಯ ಎತ್ತರ ಸುಮಾರು 3 ಮೀಟರ್ ಎಂದು ಹಿಡಿಯಿರಿ. ಟ್ಯಾಂಕಿನ ಕೆಳಗೇ ಇರುವ ಮೇಲಿನ ಮಹಡಿಯವರಿಗೆ ಸಿಗುವುದು ಕಾಲು ಬಾರಿಗಿಂತ ಸ್ವಲ್ಪ ಹೆಚ್ಚು. ಅದಕ್ಕೇ ಅವರ ಶವರಿನಲ್ಲಿ ನೀರು ತುಂತುರು ಮಳೆಯಂತೆ ಬೀಳುತ್ತದೆ. ಅದೇ 20 ಮಹಡಿಯ ಕಟ್ಟಡದಲ್ಲಿ ತಾರಸಿಯ ಟ್ಯಾಂಕಿನಿಂದ ನೇರವಾಗಿ ಪೈಪು ಕೆಳಗಿಳಿದಿದ್ದರೆ ನೆಲಮಹಡಿಯವರ ನಲ್ಲಿಯಲ್ಲಿ ಒತ್ತಡ ಸುಮಾರು 6 ಬಾರ್. ಇಷ್ಟು ಒತ್ತಡ ನಲ್ಲಿಗೂ ಒಳ್ಳೆಯದಲ್ಲ, ಗೀಸರಿಗೂ ಒಳ್ಳೆಯದಲ್ಲ. ಆದ್ದರಿಂದಲೇ ಎತ್ತರದ ಕಟ್ಟಡಗಳಲ್ಲಿ ಮಧ್ಯೆ ಮಧ್ಯೆ ಒತ್ತಡ ತಗ್ಗಿಸುವ ವಾಲ್ವುಗಳನ್ನು ಹಾಕಿರುತ್ತಾರೆ. ಅವು ಕೆಟ್ಟರೆ ಕೆಳಗಿನ ಮಹಡಿಗಳವರಿಗೆಲ್ಲ ಒಟ್ಟಿಗೇ ತೊಂದರೆ ಕಾಣಿಸಿಕೊಳ್ಳುತ್ತದೆ.

ಗೀಸರ್ ಕೊಳ್ಳುವಾಗ ನಾವು ಲೀಟರ್ ಎಷ್ಟು, ಸ್ಟಾರ್ ಎಷ್ಟು ಎಂದು ಕೇಳುತ್ತೇವೆ. ಅದು ಎಷ್ಟು ಒತ್ತಡ ತಾಳುತ್ತದೆ ಎಂದು ಕೇಳುವವರು ಕಡಿಮೆ. ಗೀಸರಿನ ಮೈಮೇಲಿನ ಪಟ್ಟಿಯಲ್ಲಿ ಅದನ್ನು ಬರೆದಿರುತ್ತಾರೆ. ಎತ್ತರದ ಕಟ್ಟಡಗಳಿಗೆಂದು ಮಾರುವ ಗೀಸರುಗಳು ಸಾಮಾನ್ಯವಾಗಿ 8 ಬಾರಿನವು. ಪಟ್ಟಿಯಲ್ಲಿ 0.8 ಎಂಪಿಎ ಎಂದಿದ್ದರೂ ಅದು 8 ಬಾರೇ. ಇದಕ್ಕಿಂತ ಕಡಿಮೆಯವೂ ಉಂಟು. ಹಳೆಯ ಎರಡು ಮಹಡಿ ಮನೆಯಲ್ಲಿದ್ದ ಗೀಸರನ್ನು ಕಿತ್ತು ಹೊಸ ಟವರಿನ ಫ್ಲ್ಯಾಟಿಗೆ ಒಯ್ಯುವವರು ಈ ಒಂದು ಅಂಕಿಯನ್ನು ಮರೆಯದೆ ನೋಡಬೇಕು.

ಈಗ ಎರಡನೆಯ ಒತ್ತಡ. ನೀರು ಕಾದರೆ ಹಿಗ್ಗುತ್ತದೆ. ದೆಹಲಿಯ ಜನವರಿಯಲ್ಲಿ ನಲ್ಲಿ ನೀರು 12 ಡಿಗ್ರಿ ಇದೆ ಎಂದುಕೊಳ್ಳಿ. 25 ಲೀಟರ್ ಗೀಸರಿನಲ್ಲಿ ಅದನ್ನು 60 ಡಿಗ್ರಿಗೆ ಕಾಯಿಸಿದರೆ ಸುಮಾರು 400 ಮಿಲಿಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ಲೋಟದಷ್ಟು ಹೆಚ್ಚುವರಿ ನೀರಾಗುತ್ತದೆ. ಆ ಎರಡು ಲೋಟ ಎಲ್ಲಿಗೆ ಹೋಗಬೇಕು? ಡಬ್ಬಿ ಮುಚ್ಚಿದೆ. ನೀರನ್ನು ಗಾಳಿಯಂತೆ ಅದುಮಿ ಚಿಕ್ಕದು ಮಾಡಲು ಆಗುವುದಿಲ್ಲ. ಬಂದ ದಾರಿಯಲ್ಲಿ ಹಿಂದಕ್ಕೆ ಹೋಗೋಣವೆಂದರೆ ಅಲ್ಲಿ ನಾನ್ ರಿಟರ್ನ್ ವಾಲ್ವ್ ಇದೆ, ಬಿಸಿನೀರು ತಣ್ಣೀರಿನ ಪೈಪಿಗೆ ಹಿಂದಿರುಗದಂತೆ ತಡೆಯುತ್ತದೆ. ಹಾಗಾಗಿ ಒಳಗೆ ಒತ್ತಡ ಏರುತ್ತಾ ಹೋಗುತ್ತದೆ. ನಿಗದಿಯಾದ ಮಟ್ಟ ಮುಟ್ಟಿದಾಗ ಸೇಫ್ಟಿ ವಾಲ್ವ್ ಸ್ವಲ್ಪ ಬಾಯಿ ತೆರೆದು ತೊಟ್ಟು ತೊಟ್ಟಾಗಿ ನೀರನ್ನು ಹೊರಗೆ ಬಿಡುತ್ತದೆ.

ಕೇಳುಗರೇ, ನೀರು ಕಾಯುವಾಗ ಆ ವಾಲ್ವಿನಿಂದ ಹನಿಯುವುದು ರೋಗವಲ್ಲ, ಆರೋಗ್ಯದ ಲಕ್ಷಣ. ಸ್ನಾನದ ಮನೆಯ ನೆಲ ಒದ್ದೆಯಾಗುತ್ತದೆಂದೋ, ನೀರು ಪೋಲಾಗುತ್ತದೆಂದೋ ಆ ಬಾಯಿಗೆ ಸ್ಕ್ರೂ ಹಾಕುವುದು, ಎಂ-ಸೀಲ್ ಮೆತ್ತುವುದು, ಸಣ್ಣ ಬಿರಡೆ ಜಡಿಯುವುದು, ಇದೆಲ್ಲ ಕುಕ್ಕರಿನ ವೆಯ್ಟನ್ನು ತಂತಿಯಿಂದ ಬಿಗಿದು ಕಟ್ಟಿದ ಹಾಗೆ. ಹನಿ ನಿಲ್ಲುತ್ತದೆ, ನಿಜ. ಆದರೆ ಒತ್ತಡ ನಿಲ್ಲುವುದಿಲ್ಲ.

ಇದು ಎಷ್ಟು ಅಪಾಯ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತೆರೆದ ಹಂಡೆಯಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಅದಕ್ಕಿಂತ ಬಿಸಿಯಾಗುವುದಿಲ್ಲ. ಆದರೆ ಒತ್ತಡದಲ್ಲಿರುವ ನೀರು 100 ಡಿಗ್ರಿಯಲ್ಲಿ ಕುದಿಯುವುದೇ ಇಲ್ಲ. 3 ಬಾರ್ ಒತ್ತಡದಲ್ಲಿ ಸುಮಾರು 143 ಡಿಗ್ರಿಯವರೆಗೂ, 8 ಬಾರಿನಲ್ಲಿ ಸುಮಾರು 175 ಡಿಗ್ರಿಯವರೆಗೂ ನೀರು ನೀರಾಗಿಯೇ ಇರುತ್ತದೆ. ಥರ್ಮೋಸ್ಟಾಟ್ ಕೆಟ್ಟು ಕಾಯಿಲ್ ಉರಿಯುತ್ತಲೇ ಇದ್ದು, ಸೇಫ್ಟಿ ವಾಲ್ವ್ ಮುಚ್ಚಿಹೋಗಿ, ಕೊನೆಗೆ ಟ್ಯಾಂಕಿನ ಒಂದು ಬೆಸುಗೆ ಬಿಟ್ಟುಕೊಂಡಿತೆನ್ನಿ. ಆ ಕ್ಷಣದಲ್ಲಿ ಒತ್ತಡ ಇಳಿದು ಒಳಗಿನ ನೀರಿನ ಒಂದು ಪಾಲು ಥಟ್ಟನೆ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರಿನಷ್ಟು ಜಾಗ ಬೇಡುತ್ತದೆ. ಗೀಸರ್ ಸ್ಫೋಟವೆಂದರೆ ಇದೇ. ಅದಕ್ಕೆ ಬೆಂಕಿಯೂ ಬೇಡ, ಮದ್ದೂ ಬೇಡ, ನೀರೇ ಸಾಕು.

ಇಂಥದ್ದು ಆಗಬಾರದೆಂದೇ ಗೀಸರಿನಲ್ಲಿ ಒಂದರ ಹಿಂದೆ ಒಂದರಂತೆ ಕಾವಲು ಇಟ್ಟಿದ್ದಾರೆ. ಮೊದಲನೆಯದು ಥರ್ಮೋಸ್ಟಾಟ್. ನಾವು ಇಟ್ಟ ಉಷ್ಣತೆ ಬಂದ ಕೂಡಲೇ ಕರೆಂಟ್ ನಿಲ್ಲಿಸುತ್ತದೆ. ಅದು ಕೈಕೊಟ್ಟರೆ ಎರಡನೆಯದು ಥರ್ಮಲ್ ಕಟೌಟ್. ಉಷ್ಣತೆ ಮಿತಿ ಮೀರಿದರೆ ಅದು ಸಂಪರ್ಕವನ್ನೇ ಕಡಿಯುತ್ತದೆ. ಮೂರನೆಯದು, ನಾವು ಈಗಷ್ಟೇ ಮಾತಾಡಿದ ಒತ್ತಡದ ಸೇಫ್ಟಿ ವಾಲ್ವ್. ಈಗಿನ ಗೀಸರುಗಳಲ್ಲಿ ಇದನ್ನೂ ನಾನ್ ರಿಟರ್ನ್ ವಾಲ್ವನ್ನೂ ಸೇರಿಸಿ ಒಂದೇ ಮಲ್ಟಿ ಫಂಕ್ಷನ್ ವಾಲ್ವ್ ಆಗಿ ಕೊಡುತ್ತಾರೆ. ನಾಲ್ಕನೆಯದು ಹಲವು ಗೀಸರುಗಳಲ್ಲಿ ಇರುವ ಫ್ಯೂಸಿಬಲ್ ಪ್ಲಗ್. ಇದು ಬೇಗ ಕರಗುವ ಲೋಹವನ್ನು ತುಂಬಿದ ಸಣ್ಣ ಬಿರಡೆ. ನೀರು ಕುದಿಯುವ ಹಂತಕ್ಕೆ ಹತ್ತಿರವಾದರೆ ಲೋಹ ಕರಗಿ ಟ್ಯಾಂಕಿಗೆ ಒಂದು ಕಿಂಡಿ ತೆರೆಯುತ್ತದೆ. ಬಿಸಿನೀರು, ಆವಿ ಭುಸ್ಸೆಂದು ಹೊರಗೆ ಬರುತ್ತದೆ, ಆದರೆ ಟ್ಯಾಂಕು ಉಳಿಯುತ್ತದೆ. ಈ ಪ್ಲಗ್ ಕರಗಿತೆಂದರೆ ಥರ್ಮೋಸ್ಟಾಟೂ ಕಟೌಟೂ ಎರಡೂ ಸೋತಿವೆ ಎಂದು ಅರ್ಥ. ಅಂಥ ಸಮಯದಲ್ಲಿ ಪ್ಲಗ್ಗನ್ನು ಮಾತ್ರ ಬದಲಾಯಿಸಿ ಕೈತೊಳೆದುಕೊಳ್ಳಬಾರದು. ಅದರ ಜಾಗಕ್ಕೆ ಮಾಮೂಲಿ ಬೋಲ್ಟ್ ತಿರುಗಿಸುವುದಂತೂ ಕೂಡಲೇ ಕೂಡದು.

ಇನ್ನು ದಿನನಿತ್ಯದ ದೂರುಗಳನ್ನು ಒಂದೊಂದಾಗಿ ನೋಡೋಣ. ಕಾಗದ ಪೆನ್ನು ಹತ್ತಿರದಲ್ಲಿದ್ದರೆ ಗುರುತು ಹಾಕಿಕೊಳ್ಳಿ.

ಮೊದಲನೆಯ ದೂರು: ಬಿಸಿನೀರು ಸಣ್ಣಗೆ ಬರುತ್ತದೆ.

ಪ್ಲಂಬರಿಗೆ ಫೋನ್ ಮಾಡುವ ಮೊದಲು ಅದೇ ಸ್ನಾನದ ಮನೆಯ ತಣ್ಣೀರಿನ ನಲ್ಲಿ ತಿರುಗಿಸಿ ನೋಡಿ. ತಣ್ಣೀರೂ ಸಣ್ಣಗೇ ಬರುತ್ತಿದ್ದರೆ ತಪ್ಪು ಗೀಸರಿನದಲ್ಲ. ಟ್ಯಾಂಕಿನಲ್ಲಿ ನೀರು ಕಡಿಮೆಯಾಗಿರಬಹುದು, ಮುಖ್ಯ ವಾಲ್ವ್ ಅರ್ಧ ಮುಚ್ಚಿರಬಹುದು, ನೀರು ನಿಂತು ಮತ್ತೆ ಬಂದಾಗ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಗಾಳಿಯಾದರೆ ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿರುವ ನಲ್ಲಿಯನ್ನು ಪೂರ್ತಿ ತೆರೆದು ಕೆಲವು ನಿಮಿಷ ಬಿಡಿ. ಬುಸ್ ಬುಸ್ ಎಂದು ಉಗುಳಿ ಆಮೇಲೆ ಸರಿಯಾಗುತ್ತದೆ.

ತಣ್ಣೀರು ಜೋರಾಗಿ ಬರುತ್ತದೆ, ಬಿಸಿನೀರು ಮಾತ್ರ ಒಂದೇ ನಲ್ಲಿಯಲ್ಲಿ ಸಣ್ಣಗೆ ಬರುತ್ತದೆ ಎಂದಾದರೆ ಆ ನಲ್ಲಿಯ ಜಾಲರಿ, ಶವರಿನ ತೂತುಗಳು ಅಥವಾ ಮಿಕ್ಸರಿನ ಒಳಭಾಗದಲ್ಲಿ ಕಸ ಕಟ್ಟಿದೆ. ಜಾಲರಿಯನ್ನು ಬಿಚ್ಚಿ ಒಂದು ರಾತ್ರಿ ವಿನಿಗರಿನಲ್ಲೋ ನಿಂಬೆರಸದಲ್ಲೋ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಇದಕ್ಕೆ ಯಾರನ್ನೂ ಕರೆಯಬೇಕಿಲ್ಲ.

ಎಲ್ಲ ನಲ್ಲಿಗಳಲ್ಲೂ ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ಗೀಸರಿನ ದಾರಿಯಲ್ಲೇ ತಡೆ ಇದೆ. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ನಲ್ಲಿ ತೆರೆದ ಕೂಡಲೇ ಒಂದು ಕ್ಷಣ ಜೋರಾಗಿ ಚಿಮ್ಮಿ ಆಮೇಲೆ ಸಣ್ಣಗಾದರೆ, ಆ ಚಿಮ್ಮಿದ್ದು ಒಳಗೆ ಹಿಗ್ಗಿ ಕೂತಿದ್ದ ಒತ್ತಡ. ಆಮೇಲೆ ಸಣ್ಣಗಾದದ್ದು ತಣ್ಣೀರು ಒಳಗೆ ಬರುವ ದಾರಿ ಕಟ್ಟಿಕೊಂಡಿದ್ದಕ್ಕೆ. ನಾನ್ ರಿಟರ್ನ್ ವಾಲ್ವಿನಲ್ಲಿ ಮರಳೋ ಸುಣ್ಣದ ಚೂರೋ ಸಿಕ್ಕಿರುತ್ತದೆ. ದೆಹಲಿ, ಹೈದರಾಬಾದ್, ಚೆನ್ನೈಗಳಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಮನೆಗಳಲ್ಲಿ ಇದು ಮಾಮೂಲು. ಆ ನೀರು ಗಡಸು. ಕಾದಾಗ ಬಿಳಿ ಸುಣ್ಣದ ಪೊರೆ ಕಾಯಿಲಿನ ಮೇಲೆ, ಪೈಪಿನ ಬಾಯಲ್ಲಿ ಕಟ್ಟುತ್ತದೆ. ಅಂಥ ಊರುಗಳಲ್ಲಿ ವರ್ಷಕ್ಕೊಮ್ಮೆ ಗೀಸರನ್ನು ಬಿಚ್ಚಿಸಿ ಸುಣ್ಣ ತೆಗೆಸುವುದು ಒಳ್ಳೆಯದು. ಆಗಲೇ ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆದುಹೋಗುವ ಕಡ್ಡಿ ಅದು. ಅದು ಪೂರ್ತಿ ಕರಗಿದ ಮೇಲೆ ತುಕ್ಕಿನ ಸರದಿ ಟ್ಯಾಂಕಿನದು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಕಟ್ಟಡದಲ್ಲಿ ನೀರು ನಿಂತಾಗ, ಗೀಸರಿನಲ್ಲಿ 25 ಲೀಟರ್ ಇದೆಯಲ್ಲ, ಅದು ಏಕೆ ಬರುವುದಿಲ್ಲ ಎಂದು ಹಲವರು ಕೇಳುತ್ತಾರೆ. ಬಿಸಿನೀರು ಹೊರಹೋಗುವ ಕೊಳವೆಯ ಬಾಯಿ ಟ್ಯಾಂಕಿನೊಳಗೆ ಮೇಲ್ಭಾಗದಲ್ಲಿರುತ್ತದೆ. ಕೆಳಗಿನಿಂದ ತಣ್ಣೀರು ಬಂದು ತಳ್ಳಿದರೆ ಮಾತ್ರ ಬಿಸಿನೀರು ಹೊರಬರುತ್ತದೆ. ತಳ್ಳುವವರೇ ಇಲ್ಲದಿದ್ದರೆ ಅದು ಅಲ್ಲೇ ಇರುತ್ತದೆ. ಆದ್ದರಿಂದ ನೀರು ನಿಂತಾಗ ಗೀಸರ್ ಆರಿಸಿಬಿಡಿ. ಹೊಸ ಗೀಸರ್ ಹಾಕಿಸಿದಾಗ ಅಥವಾ ಖಾಲಿ ಮಾಡಿಸಿದಾಗ, ಬಿಸಿನೀರಿನ ನಲ್ಲಿ ತೆರೆದಿಟ್ಟು ನೀರು ಗಾಳಿಯಿಲ್ಲದೆ ಸಮನಾಗಿ ಬರುವವರೆಗೆ ಸ್ವಿಚ್ ಹಾಕಬೇಡಿ. ಖಾಲಿ ಟ್ಯಾಂಕಿನಲ್ಲಿ ಉರಿದ ಕಾಯಿಲ್ ಹೆಚ್ಚು ಹೊತ್ತು ಬದುಕುವುದಿಲ್ಲ.

ಎರಡನೆಯ ದೂರು: ವಾಲ್ವ್ ಹನಿಯುತ್ತಲೇ ಇರುತ್ತದೆ.

ಕಾಯುವಾಗ ಮಾತ್ರ ಹನಿದು ಆಮೇಲೆ ನಿಂತರೆ ಚಿಂತೆ ಬೇಡ. ಗೀಸರ್ ಆರಿಸಿ, ನೀರು ತಣ್ಣಗಾದ ಮೇಲೂ ಗಂಟೆಗಟ್ಟಲೆ ಹನಿಯುತ್ತಿದ್ದರೆ ಎರಡು ಕಾರಣಗಳಿರಬಹುದು. ಒಂದು, ವಾಲ್ವಿನ ಸೀಟಿನಲ್ಲಿ ಸುಣ್ಣ ಅಥವಾ ಕಸ ಕೂತಿದೆ. ಇನ್ನೊಂದು, ಬರುವ ನೀರಿನ ಒತ್ತಡವೇ ಅತಿಯಾಗಿದೆ. ವಾಲ್ವಿನಲ್ಲಿ ಸಣ್ಣ ಹಿಡಿ ಇದ್ದರೆ, ನೀರು ತಣ್ಣಗಿರುವಾಗ ಅದನ್ನು ಎತ್ತಿ ಒಂದಷ್ಟು ನೀರು ಹರಿಸಿ ಬಿಡಿ. ಕಸ ಕೊಚ್ಚಿಹೋಗಿ ಹನಿ ನಿಲ್ಲಬಹುದು. ಮತ್ತೂ ನಿಲ್ಲದಿದ್ದರೆ ವಾಲ್ವ್ ಬದಲಾಯಿಸಬೇಕು, ಮುಚ್ಚಬಾರದು. ಅದೇ ಒತ್ತಡಕ್ಕೆ ಹೊಂದುವ ಹೊಸ ವಾಲ್ವನ್ನೇ ಹಾಕಿಸಿ.

ಒತ್ತಡ ಅತಿಯಾಗಿದೆಯೇ ಎಂದು ತಿಳಿಯಲು ಒಂದು ಪ್ರೆಶರ್ ಗೇಜ್ ಸಾಕು. ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸರಿಯಾದ ಜೋಡಣೆಯೊಂದಿಗೆ ವಾಷಿಂಗ್ ಮೆಷಿನ್ನಿನ ನಲ್ಲಿಗೆ ಅದನ್ನು ಸಿಕ್ಕಿಸಿ ನೋಡಬಹುದು. ಆದರೆ ಬೆಳಗ್ಗೆ ಏಳು ಗಂಟೆಗೆ ನೋಡಿ ಎಲ್ಲ ಸರಿ ಇದೆ ಎಂದುಕೊಳ್ಳಬೇಡಿ. ಆಗ ಇಡೀ ಕಟ್ಟಡ ನೀರು ಬಳಸುತ್ತಿರುತ್ತದೆ, ಒತ್ತಡ ಇಳಿದಿರುತ್ತದೆ. ಎಲ್ಲರೂ ಮಲಗಿದ ಮೇಲೆ, ರಾತ್ರಿ ಹನ್ನೆರಡರ ಸುಮಾರಿಗೆ ನೋಡಿ. ನಿಜವಾದ ಒತ್ತಡ ಆಗ ಕಾಣುತ್ತದೆ. ಕೆಲವರ ಮನೆಯಲ್ಲಿ ವಾಲ್ವ್ ರಾತ್ರಿ ಮಾತ್ರ ಹನಿಯುವ ಗುಟ್ಟೂ ಇದೇ.

ರಾತ್ರಿ ಮುಳ್ಳು 5 ಬಾರಿಗಿಂತ ಮೇಲೆ ನಿಂತರೆ ಮೊದಲು ನಿಮ್ಮ ಸೊಸೈಟಿಯ ಕಾರ್ಯದರ್ಶಿಗೆ ಹೇಳಿ. ನಿಮ್ಮ ಮೇಲೆ ಕೆಳಗೆ ಇರುವವರನ್ನೂ ವಿಚಾರಿಸಿ. ಎಲ್ಲರಿಗೂ ಹಾಗೇ ಇದ್ದರೆ ಕಟ್ಟಡದ ಒತ್ತಡ ತಗ್ಗಿಸುವ ವಾಲ್ವ್ ದುರಸ್ತಿ ಬೇಡುತ್ತಿದೆ. ನಿಮ್ಮ ಮನೆಗಷ್ಟೇ ಹಾಕಿಸುವುದಾದರೆ, ಮನೆಯೊಳಗೆ ನೀರು ಬರುವ ಮುಖ್ಯ ಪೈಪಿಗೇ ಹಾಕಿಸಿ 2 ಅಥವಾ 3 ಬಾರಿಗೆ ಇಡಿಸಿ. ಗೀಸರಿನ ಪೈಪಿಗೆ ಮಾತ್ರ ಹಾಕಿಸಿದರೆ ತಣ್ಣೀರು 6 ಬಾರಿನಲ್ಲೂ ಬಿಸಿನೀರು 3 ಬಾರಿನಲ್ಲೂ ಮಿಕ್ಸರಿಗೆ ಬರುತ್ತವೆ. ಆಗ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳಿ, ಶವರಿನಡಿ ನಿಂತವರು ಒಮ್ಮೆ ಚಳಿಗೆ, ಒಮ್ಮೆ ಬಿಸಿಗೆ ಹಾರಬೇಕಾಗುತ್ತದೆ.

ಹನಿಯುವ ನೀರಿಗೆ ದಾರಿ ಮಾಡಿಕೊಡುವುದು ಸುಲಭ. ವಾಲ್ವಿನ ಬಾಯಿಗೆ ಸಣ್ಣ ಪೈಪು ಸಿಕ್ಕಿಸಿ, ಇಳಿಜಾರಾಗಿ ನೆಲದ ಜಾಲಿಯವರೆಗೆ ತನ್ನಿ. ಅದರ ಕೊನೆ ಸದಾ ತೆರೆದಿರಲಿ. ಅದಕ್ಕೆ ನಲ್ಲಿ ಜೋಡಿಸಬೇಡಿ, ಮಡಚಿ ಕಟ್ಟಬೇಡಿ. ಸೇಫ್ಟಿ ವಾಲ್ವಿಗೂ ಗೀಸರಿಗೂ ನಡುವೆ ಯಾವ ನಲ್ಲಿಯನ್ನೂ ಹಾಕಿಸಬೇಡಿ. ಆ ನಡುವಿನ ನಲ್ಲಿಯನ್ನು ಯಾರಾದರೂ ಮುಚ್ಚಿದರೆ ವಾಲ್ವ್ ಇದ್ದೂ ಇಲ್ಲದಂತೆ.

ಮೂರನೆಯ ದೂರು: ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರು.

ಬೇಸಿಗೆಯಲ್ಲಿ ತಾರಸಿಯ ಟ್ಯಾಂಕೇ ಕಾದಿರುತ್ತದೆ, ಅದು ಬೇರೆ. ಚಳಿಗಾಲದಲ್ಲಿ ಗೀಸರ್ ಹಾಕಿದಾಗ ಮಾತ್ರ ಹೀಗಾದರೆ ನಾನ್ ರಿಟರ್ನ್ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ಅಥವಾ ಯಾವುದೋ ಮಿಕ್ಸರಿನಲ್ಲಿ ಎರಡೂ ನೀರು ಬೆರೆತು ಹಿಂದಕ್ಕೆ ಹರಿಯುತ್ತಿವೆ. ಶವರಿನ ಹಿಡಿಯಲ್ಲಿರುವ ಗುಂಡಿಯಿಂದ ನೀರು ನಿಲ್ಲಿಸಿ, ಗೋಡೆಯ ಬಿಸಿ ಮತ್ತು ತಣ್ಣೀರಿನ ತಿರುಪುಗಳನ್ನು ತೆರೆದೇ ಬಿಡುವ ಅಭ್ಯಾಸವಿದ್ದರೆ ಹೀಗಾಗುತ್ತದೆ. ಕಾಯಿಸಿದ ನೀರು ಪೋಲು, ಜೊತೆಗೆ ತಣ್ಣೀರೆಂದು ಕೈಯಿಟ್ಟ ಮಗುವಿಗೆ ಸುಟ್ಟೀತು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ ಎಂಬುದು ನೆನಪಿರಲಿ. ಬಕೆಟ್ಟಿಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು.

ನಾಲ್ಕನೆಯ ದೂರು: ಪೈಪು, ಗೀಸರ್ ಸದ್ದು ಮಾಡುತ್ತವೆ.

ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಪೈಪು ಢಬ್ ಎಂದರೆ ಅದು ಓಡುತ್ತಿದ್ದ ನೀರು ಒಮ್ಮೆಗೇ ನಿಂತು ಕೊಡುವ ಏಟು. ಒತ್ತಡ ಹೆಚ್ಚಿದ್ದಷ್ಟೂ ಏಟು ಜೋರು. ನಲ್ಲಿಯನ್ನು ನಿಧಾನವಾಗಿ ಮುಚ್ಚಿ, ಅಲುಗಾಡುವ ಪೈಪಿಗೆ ಕ್ಲಿಪ್ ಹಾಕಿಸಿ. ನೀರು ಕಾಯುವಾಗ ಗೀಸರಿನೊಳಗಿನಿಂದ ಗುಳುಗುಳು, ಚಟಪಟ ಸದ್ದು ಬಂದರೆ ಕಾಯಿಲಿನ ಮೇಲೆ ಸುಣ್ಣ ದಪ್ಪವಾಗಿ ಕಟ್ಟಿದೆ ಎಂದು ತಿಳಿಯಬಹುದು.

ಐದನೆಯದು ದೂರಲ್ಲ, ಆಸೆ: ಶವರಿಗೆ ಪ್ರೆಶರ್ ಪಂಪ್ ಹಾಕಿಸೋಣ.

ಮೇಲಿನ ಮಹಡಿಯವರ ಈ ಆಸೆ ನ್ಯಾಯವಾದದ್ದೇ. ಆದರೆ ಪಂಪಿನ ಒತ್ತಡವೂ ಟ್ಯಾಂಕಿನ ಎತ್ತರದ ಒತ್ತಡವೂ ಕೂಡಿಕೊಳ್ಳುತ್ತವೆ. ಎರಡನ್ನೂ ಸೇರಿಸಿದ ಮೊತ್ತ ಗೀಸರಿನ ಪಟ್ಟಿಯಲ್ಲಿರುವ ಅಂಕಿಗಿಂತ ಸಾಕಷ್ಟು ಕೆಳಗಿರಬೇಕು. ಟ್ಯಾಂಕಿನಿಂದ 0.3 ಬಾರ್, ಪಂಪಿನಿಂದ 1.5 ಬಾರ್ ಎಂದಾದರೆ ಒಟ್ಟು 1.8. ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಹತ್ತು ಮಹಡಿ ಕೆಳಗಿರುವವರು, ಆಗಲೇ 3 ಬಾರ್ ಇದ್ದರೂ ಇನ್ನೂ ಜೋರಾಗಿ ಬರಲಿ ಎಂದು ಪಂಪ್ ಹಾಕಿಸುವ ಮೊದಲು ಎರಡು ಬಾರಿ ಯೋಚಿಸಬೇಕು. ಅವರ ಶವರ್ ಸಣ್ಣಗಿದ್ದರೆ ಕಾರಣ ಬಹುಶಃ ತೂತುಗಳಲ್ಲಿ ಕಟ್ಟಿರುವ ಸುಣ್ಣ.

ಇನ್ನು, ತಕ್ಷಣ ಎಚ್ಚೆತ್ತುಕೊಳ್ಳಬೇಕಾದ ಲಕ್ಷಣಗಳು ಯಾವುವು? ಬಿಸಿನೀರಿನ ನಲ್ಲಿಯಿಂದ ನೀರಿನೊಂದಿಗೆ ಆವಿ ಚಿಮ್ಮುವುದು. ಸೇಫ್ಟಿ ವಾಲ್ವಿನಿಂದ ಹನಿಯ ಬದಲು ಆವಿ ಬರುವುದು. ಗೀಸರಿನ ಹೊರಮೈ ಉಬ್ಬಿರುವುದು. ಯಾರೂ ನೀರು ಬಳಸದಿದ್ದರೂ ಗಂಟೆಗಟ್ಟಲೆ ಕಾಯುವ ದೀಪ ಆರದಿರುವುದು. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು 2 ಕಿಲೋವ್ಯಾಟ್ ಕಾಯಿಲಿಗೆ ಸುಮಾರು 35 ನಿಮಿಷ ಸಾಕು. ಚಳಿಗೆ ಇನ್ನೊಂದಷ್ಟು ಸೇರಿಸಿ. ಒಂದೂವರೆ ಗಂಟೆಯಾದರೂ ದೀಪ ಉರಿಯುತ್ತಿದ್ದರೆ, ನೀರು ವಿಪರೀತ ಸುಡುತ್ತಿದ್ದರೆ, ಥರ್ಮೋಸ್ಟಾಟ್ ಮೇಲೆ ಅನುಮಾನಪಡಿ.

ಇವುಗಳಲ್ಲಿ ಯಾವುದು ಕಂಡರೂ ಮಾಡಬೇಕಾದ ಮೊದಲ ಕೆಲಸ ಸ್ನಾನದ ಮನೆಯ ಹೊರಗಿನಿಂದ ಕರೆಂಟ್ ತೆಗೆಯುವುದು. ಸ್ವಿಚ್ ಒಳಗಿದ್ದರೆ ಮನೆಯ ಎಂಸಿಬಿಯನ್ನೇ ಇಳಿಸಿ. ಎಲ್ಲರನ್ನೂ ಅಲ್ಲಿಂದ ಹೊರಗೆ ಕಳಿಸಿ ಬಾಗಿಲು ಹಾಕಿ. ಬಿಸಿನೀರಿನ ನಲ್ಲಿ ತೆರೆಯಲು ಹೋಗಬೇಡಿ, ವಾಲ್ವ್ ಮುಟ್ಟಬೇಡಿ, ಗೀಸರಿನ ಮೇಲೆ ತಣ್ಣೀರು ಸುರಿಯಬೇಡಿ. ತಾನಾಗಿ ತಣಿಯಲು ಕೆಲವು ಗಂಟೆ ಬಿಡಿ. ಆಮೇಲೆ ಕಂಪನಿಯ ಮೆಕ್ಯಾನಿಕ್‌ನನ್ನು ಕರೆಸಿ. ಅಂದಿನ ಸ್ನಾನಕ್ಕೆ ಗ್ಯಾಸ್ ಒಲೆಯ ಮೇಲೆ ಒಂದು ಪಾತ್ರೆ ನೀರು ಕಾಯಿಸಿಕೊಂಡರಾಯಿತು.

ಗ್ಯಾಸ್ ಗೀಸರ್ ಬಳಸುವವರಿಗೂ ಒಂದು ಮಾತು ಹೇಳಲೇಬೇಕು. ಮುಂಬಯಿ, ಪುಣೆ, ದೆಹಲಿಗಳಲ್ಲಿ ಪೈಪಿನ ಗ್ಯಾಸ್ ಇರುವ ಮನೆಗಳಲ್ಲಿ ಅದು ಬಹಳ. ಅದರಲ್ಲಿ ನೀರು ತುಂಬಿಡುವ ಟ್ಯಾಂಕಿಲ್ಲ. ನೀರಿನ ಒತ್ತಡವೇ ಒಳಗಿನ ಒಂದು ಪೊರೆಯನ್ನು ತಳ್ಳಿ ಗ್ಯಾಸಿನ ದಾರಿ ತೆರೆಯುತ್ತದೆ. ಒತ್ತಡ ಸಾಲದಿದ್ದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಹೊತ್ತದಿದ್ದರೆ ನೀರು ಒಳಬರುವ ಕಡೆಯ ಜಾಲರಿ ತೊಳೆಯಿರಿ, ಬ್ಯಾಟರಿ ಬದಲಾಯಿಸಿ ನೋಡಿ. ಆದರೆ ಗ್ಯಾಸ್ ಗೀಸರಿನ ದೊಡ್ಡ ಅಪಾಯ ಒತ್ತಡವಲ್ಲ, ಗಾಳಿ. ಮುಚ್ಚಿದ ಸ್ನಾನದ ಮನೆಯಲ್ಲಿ ಅದು ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದು ಮತ್ತೆ ಏಳದ ಸುದ್ದಿಗಳನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಗ್ಯಾಸ್ ಗೀಸರ್ ಸ್ನಾನದ ಮನೆಯ ಹೊರಗೇ, ಗಾಳಿಯಾಡುವ ಕಡೆ ಇರಲಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ.

ನಮ್ಮ ಕೇಳುಗರಲ್ಲಿ ಮಗನ ಮನೆಗೋ ಮಗಳ ಬಾಣಂತನಕ್ಕೋ ಇಂಗ್ಲೆಂಡಿಗೆ ಹೋಗಿಬರುವವರೂ ಇದ್ದೀರಿ. ಅಲ್ಲಿ ಅಡುಗೆಮನೆಯ ಗೋಡೆಯಲ್ಲೊಂದು ಬಾಯ್ಲರ್ ಇರುತ್ತದೆ. ಹಲವು ಮನೆಗಳಲ್ಲಿ ಸ್ನಾನದ ನೀರನ್ನೂ, ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳ ನೀರನ್ನೂ ಅದೇ ಕಾಯಿಸುತ್ತದೆ. ಅದರ ಮುಖದ ಮೇಲೆ ಒತ್ತಡದ ಮುಳ್ಳಿರುತ್ತದೆ. ತಣ್ಣಗಿರುವಾಗ 1ರಿಂದ 1.5 ಬಾರ್, ಕಾದಾಗ 2ರ ಆಸುಪಾಸು ಇದ್ದರೆ ಸರಿ. ತೀರ ಇಳಿದರೆ ಬಾಯ್ಲರ್ ತಾನಾಗಿ ನಿಲ್ಲುತ್ತದೆ, ಮನೆ ತಣ್ಣಗಾಗುತ್ತದೆ. 3 ಬಾರ್ ಮುಟ್ಟಿದರೆ ಸೇಫ್ಟಿ ವಾಲ್ವ್ ತೆರೆದು ಮನೆಯ ಹೊರಗಿನ ಪೈಪಿನಿಂದ ನೀರು ಸುರಿಯುತ್ತದೆ. ಒತ್ತಡ ಒಮ್ಮೆ ಇಳಿದಿದ್ದರೆ ನೀರು ತುಂಬಿಸುವ ಸಣ್ಣ ತಿರುಪಿನಿಂದ ಮುಳ್ಳನ್ನು ಮೇಲೆ ತಂದು, ಮರೆಯದೆ ತಿರುಪನ್ನು ಮುಚ್ಚಬೇಕು. ಇದನ್ನು ಹೇಗೆಂದು ಮಕ್ಕಳಿಂದ ಮೊದಲೇ ಕೇಳಿ ತಿಳಿದುಕೊಳ್ಳಿ. ವಾರವಾರವೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಹಿಗ್ಗಿದ ನೀರಿಗೆಂದು ಇಟ್ಟ ಎಕ್ಸ್‌ಪಾನ್ಶನ್ ವೆಸೆಲ್ಲಿನ ಗಾಳಿ ಹೋಗಿದೆ ಎಂದರ್ಥ. ಬಾಯ್ಲರಿನ ಮುಚ್ಚಳ ಬಿಚ್ಚಬೇಕಾದರೆ ಅಲ್ಲಿ ಗ್ಯಾಸ್ ಸೇಫ್ ನೋಂದಣಿ ಇರುವ ಎಂಜಿನಿಯರನ್ನೇ ಕರೆಸಬೇಕು. ನೋಡಿ, ಊರು ಯಾವುದಾದರೇನು, ಹಿಗ್ಗಿದ ನೀರಿಗೆ ಜಾಗ ಕೊಡಬೇಕೆಂಬ ನಿಯಮ ಒಂದೇ.

ಕೊನೆಯದಾಗಿ, ಈ ವಾರ ಮನೆಯಲ್ಲಿ ಮಾಡಬೇಕಾದ ನಾಲ್ಕು ಕೆಲಸ. ಒಂದು, ಗೀಸರಿನ ಪಟ್ಟಿ ಓದಿ, ಎಷ್ಟು ಬಾರ್ ಎಂದು ಬರೆದಿಟ್ಟುಕೊಳ್ಳಿ. ಐಎಸ್ಐ ಗುರುತು ಇದೆಯೇ ನೋಡಿ. ಎರಡು, ಸೇಫ್ಟಿ ವಾಲ್ವಿನ ಬಾಯಿ ತೆರೆದಿದೆಯೇ, ಹಿಂದಿನ ಬಾಡಿಗೆಯವರೋ ಯಾರೋ ಪ್ಲಂಬರೋ ಅದನ್ನು ಮುಚ್ಚಿದ್ದಾರೆಯೇ ನೋಡಿ. ಬಾಡಿಗೆ ಮನೆಗಳಲ್ಲಿರುವವರು ಇದನ್ನು ಇವತ್ತೇ ನೋಡಿ. ಮೂರು, ಥರ್ಮೋಸ್ಟಾಟನ್ನು 60 ಡಿಗ್ರಿಯ ಹತ್ತಿರಕ್ಕೆ ಇಡಿಸಿ. ನಾಲ್ಕು, ಸ್ನಾನಕ್ಕೆ ಇಳಿಯುವ ಮೊದಲು ಸ್ವಿಚ್ ಆರಿಸುವ ಅಭ್ಯಾಸ ಮನೆಮಂದಿಗೆಲ್ಲ ಮಾಡಿಸಿ. ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮನೆಯಲ್ಲಿ ಇಲ್ಲದಿದ್ದರೆ ಹಾಕಿಸಿ.

ಪ್ಲಂಬರ್ ಬಂದಾಗ ಹೆಚ್ಚೇನೂ ಹೇಳಬೇಕಿಲ್ಲ. ಹನಿ ನಿಲ್ಲಿಸಿಕೊಡುತ್ತೇನೆಂದು ಅವನು ಬಿರಡೆ ತೆಗೆದರೆ, ಹಿಂದಿ ಎಷ್ಟೇ ಕಡಿಮೆ ಬಂದರೂ ಈ ಒಂದು ಮಾತು ಕಲಿತಿಟ್ಟುಕೊಳ್ಳಿ: ಭೈಯಾ, ವಾಲ್ವ್ ಬಂದ್ ಮತ್ ಕರೋ, ನಯಾ ಲಗಾವೋ. ಹೊಸ ವಾಲ್ವಿನ ಬೆಲೆ ಹೊಸ ಗೀಸರಿನ ಬೆಲೆಯ ಮುಂದೆ ಬಹಳ ಸಣ್ಣದು. ಮನೆಯವರ ಜೀವದ ಮುಂದೆ ಅದನ್ನು ಲೆಕ್ಕ ಹಾಕುವುದೇ ಬೇಡ.

ಬೆಚ್ಚಗಿರಿ, ಎಚ್ಚರವಾಗಿರಿ.